ಚೀಟಿ ಕಳೆದುಕೊಂಡ ಕಲ್ಲುಗಳು: ಕೆಮ್ಮಣ್ಣುಗುಂಡಿ ಗಣಿಯ ಒಂದು ಟ್ರಂಕಿನ ಪ್ರಕರಣ

ತರೀಕೆರೆ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ನಿವೃತ್ತ ಗಣಿ ಕಾರ್ಮಿಕರೊಬ್ಬರು ತಾವು ಕೂಡಿಟ್ಟಿದ್ದ ಕಲ್ಲುಗಳ ಟ್ರಂಕನ್ನು ಕೊಟ್ಟರು. ಒಳಗೆ ನಲವತ್ತಕ್ಕೂ ಹೆಚ್ಚು ಕಲ್ಲುಗಳಿದ್ದವು. ಪ್ರತಿಯೊಂದನ್ನೂ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಜೊತೆಗೆ ಒಂದು ಚೀಟಿ ಇಟ್ಟಿದ್ದರು. ಆದರೆ ಟ್ರಂಕು ಇದ್ದದ್ದು ಸೋರುವ ಹೆಂಚಿನ ಕೆಳಗೆ. ಮಳೆಗಾಲಗಳು ಕಳೆದಂತೆ ಚೀಟಿಗಳಲ್ಲಿ ಹೆಚ್ಚಿನವು ಮುದ್ದೆಯಾಗಿದ್ದವು, ಉಳಿದವುಗಳಲ್ಲಿ ಶಾಯಿ ಹರಡಿತ್ತು. ಓದಲು ಬರುವಂತಿದ್ದವು ಪೆನ್ಸಿಲಿನಲ್ಲಿ ಬರೆದಿದ್ದ ನಾಲ್ಕೈದು ಮಾತ್ರ.

ಆ ಟ್ರಂಕಿನ ವಿಷಯದಲ್ಲಿ ಶಾಲೆ ಏನು ಮಾಡಿತು, ಎಲ್ಲಿ ಎಡವಿತು, ಎಲ್ಲಿ ಸರಿಯಾದ ತೀರ್ಮಾನ ತೆಗೆದುಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಇಂತಹ ಟ್ರಂಕುಗಳು ಇನ್ನೂ ಹಲವು ಅಟ್ಟಗಳ ಮೇಲೆ ಇರಬಹುದು, ಅವು ಹೊರಬರುವ ಹೊತ್ತಿಗೆ ಯಾರಿಗಾದರೂ ಈ ವಿವರ ಬೇಕಾಗುತ್ತದೆ. ಊರು, ಶಾಲೆ, ವ್ಯಕ್ತಿಗಳ ಗುರುತನ್ನು ಮರೆಸಿದ್ದೇನೆ. ಕಲ್ಲು ಕೊಟ್ಟವರನ್ನು ಮಕ್ಕಳು ಕರೆಯುತ್ತಿದ್ದಂತೆ ಅಜ್ಜ ಎಂದೂ, ವಿಜ್ಞಾನ ಶಿಕ್ಷಕಿಯನ್ನು ಮೇಡಂ ಎಂದೂ ಕರೆಯುತ್ತೇನೆ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತನಾದವನು. ಮೇಡಂ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮೂಲಕ ಹೇಳಿಕಳುಹಿಸಿದಾಗ ಹೋದೆ.

ಗಣಿಯ ಹಿನ್ನೆಲೆ

ಪ್ರವಾಸಕ್ಕೆ ಬರುವವರಿಗೆ ಕೆಮ್ಮಣ್ಣುಗುಂಡಿ ಎಂದರೆ ಗುಲಾಬಿ ತೋಟ, ರಾಜಭವನ, ಹೆಬ್ಬೆ ಜಲಪಾತ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದ ಗಿರಿಧಾಮ ಎಂದು ಫಲಕಗಳು ಹೇಳುತ್ತವೆ. ಗುಡ್ಡದ ಬುಡದ ಊರುಗಳಿಗೆ ಮಾತ್ರ ಅದು ಗಣಿ. ಎರಡು ಮೂರು ತಲೆಮಾರು ಅನ್ನ ತಿಂದದ್ದು ಆ ಗಣಿಯಿಂದ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಮೈಸೂರು ಸಂಸ್ಥಾನ 1918ರಲ್ಲಿ ಕೈಹಾಕಿತು. 1923ರಲ್ಲಿ ಕುಲುಮೆ ಕಬ್ಬಿಣ ಕೊಡತೊಡಗಿತು. ಆ ಕಷ್ಟದ ಮೊದಲ ವರ್ಷಗಳಲ್ಲಿ ಆಡಳಿತ ಹೊತ್ತು ಕಾರ್ಖಾನೆಯನ್ನು ದಡ ಸೇರಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಸುಣ್ಣಕಲ್ಲು ಭದ್ರಾವತಿಗೆ ಸಮೀಪದ ಭಂಡಿಗುಡ್ಡದಿಂದ ಬಂತು, ಅದಿರು ಕೆಮ್ಮಣ್ಣುಗುಂಡಿಯಿಂದ. 1,400 ಮೀಟರಿಗೂ ಎತ್ತರದ ಆ ಗುಡ್ಡದಿಂದ ಅದಿರು ರೋಪ್‌ವೇಯ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿ ಸೇರುತ್ತಿತ್ತು. ಇಂದು ಗಣಿಯೂ ನಿಂತಿದೆ, ರೋಪ್‌ವೇಯೂ ನಿಂತಿದೆ.

ಗುಡ್ಡದ ಕಥೆ ಕಾರ್ಖಾನೆಯ ಕಥೆಗಿಂತ ಬಹಳ ಹಿಂದಿನದು. ಬಾಬಾಬುಡನ್ ಗಿರಿಸಾಲಿನ ಶಿಲೆಗಳು ಸರಿಸುಮಾರು 290ರಿಂದ 270 ಕೋಟಿ ವರ್ಷಗಳಷ್ಟು ಹಳೆಯವು. ಅವು ಕೂತಿರುವುದು ಇನ್ನೂ ಹಳೆಯದಾದ ಚಿಕ್ಕಮಗಳೂರಿನ ಗ್ರಾನೈಟಿನ ಮೇಲೆ. ಭೂವಿಜ್ಞಾನಿಗಳು ಈ ಪದರಗಳಿಗೆ ಕೆಳಗಿನಿಂದ ಮೇಲಕ್ಕೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ನಮ್ಮ ಊರು ಮತ್ತು ಗಿರಿಗಳ ಹೆಸರನ್ನೇ ಇಟ್ಟಿದ್ದಾರೆ. ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವ ಸಂತವೇರಿ ಎಂಬ ಹೆಸರು ಒಂದು ಶಿಲಾಪದರದ ಹೆಸರೂ ಹೌದು ಎಂದು ತಿಳಿದಾಗ ಆ ಶಾಲೆಯ ಮಕ್ಕಳ ಮುಖ ನೋಡಬೇಕಿತ್ತು. ಎಲ್ಲಕ್ಕಿಂತ ಮೇಲಿನ ಮುಳ್ಳಯ್ಯನಗಿರಿ ಪದರದಲ್ಲಿ ಪಟ್ಟೆ ಕಬ್ಬಿಣಶಿಲೆ ಇದೆ. ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಪ್ಪು ಪಟ್ಟೆ, ಬಿಳಿ ಅಥವಾ ಬೂದು ಬಣ್ಣದ ಬೆಣಚಿನ ಪಟ್ಟೆ, ಮತ್ತೆ ಕಪ್ಪು, ಮತ್ತೆ ಬಿಳಿ, ಹೀಗೆ ಬೆರಳಗಲದಲ್ಲೇ ಹತ್ತಾರು ಸಾಲುಗಳಿರುತ್ತವೆ. ಗಾಳಿಯಲ್ಲಿ ಆಮ್ಲಜನಕ ಇನ್ನೂ ತುಂಬಿರದ ಕಾಲದಲ್ಲಿ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಆದ ಶಿಲೆ ಅದು. ಆಮೇಲೆ ಯುಗಯುಗಗಳ ಮಳೆ ಅದರೊಳಗಿನ ಬೆಣಚನ್ನು ಕರಗಿಸಿ ತೆಗೆದಂತೆಲ್ಲ ಮೇಲ್ಭಾಗದಲ್ಲಿ ಕಬ್ಬಿಣ ಕೂಡುತ್ತಾ ಹೋಯಿತು. ಭದ್ರಾವತಿಯ ಕುಲುಮೆಗೆ ಹೋದದ್ದು ಹೀಗೆ ಕೂಡಿದ ಹೆಮಟೈಟ್ ಮತ್ತು ಗೋಥೈಟ್ ಎಂಬ ಕಬ್ಬಿಣದ ಖನಿಜಗಳು. ಅದರ ಮೇಲೆ ಟೋಪಿಯಾಗಿ ಕೂತಿದ್ದದ್ದು ಜಂಬಿಟ್ಟಿಗೆ.

ಈ ಗಿರಿಸಾಲು ಖನಿಜಶಾಸ್ತ್ರಕ್ಕೆ ಒಂದು ಹೆಸರನ್ನೂ ಕೊಟ್ಟಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯೂ. ಎಫ್. ಸ್ಮೀತ್ ಇಲ್ಲಿನ ಕಬ್ಬಿಣಶಿಲೆಯಲ್ಲಿ ಕಂಡ ನೀಲಿ ಖನಿಜವೊಂದನ್ನು 1908ರಲ್ಲಿ ಬಾಬಾಬುಡನೈಟ್ ಎಂದು ಕರೆದರು. ಅದು ರೀಬೆಕೈಟ್ ಗುಂಪಿನ, ಮೆಗ್ನೀಸಿಯಂ ಹೆಚ್ಚಿರುವ ಆಂಫಿಬೋಲ್, ಅಂದರೆ ಕಡ್ಡಿಯಾಗಿಯೋ ಎಳೆಯಾಗಿಯೋ ಬೆಳೆಯುವ ಖನಿಜಗಳ ಕುಲಕ್ಕೆ ಸೇರಿದ್ದು. ಈಗಿನ ವರ್ಗೀಕರಣದಲ್ಲಿ ಅದನ್ನು ಸ್ವತಂತ್ರ ಖನಿಜವೆಂದು ಎಣಿಸುವುದಿಲ್ಲ. ಹಾಗಿದ್ದರೂ ಆ ನೀಲಿಯನ್ನು ಕಂಡವರು ಹಳೆಯ ಹೆಸರನ್ನು ಬಿಡುವುದಿಲ್ಲ, ನಾನೂ ಬಿಟ್ಟಿಲ್ಲ. ಈ ಪ್ರಕರಣದ ಅತ್ಯಂತ ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಾಗಿ ಬಂದದ್ದು ಈ ಖನಿಜದ ವಿಷಯದಲ್ಲೇ.

ಸಮಸ್ಯೆ

ಅಜ್ಜ ಮೊದಲು ಗಣಿಯಲ್ಲಿ ಅದಿರು ತುಂಬುವ ಕೆಲಸಕ್ಕೆ ಸೇರಿದ್ದರು. ಆಮೇಲೆ ಪರೀಕ್ಷೆಗೆಂದು ಅದಿರಿನ ಮಾದರಿ ಆರಿಸುವವರ ಸಹಾಯಕರಾದರು. ಕೈಗೆ ಹಿಡಿಸಿದ ಕಲ್ಲನ್ನು ಮೇಲಿನವರ ಒಪ್ಪಿಗೆ ಕೇಳಿ ಮನೆಗೆ ತರುವ ಅಭ್ಯಾಸ ಆಗಿನಿಂದ ಬಂದದ್ದು. ಈಗ ಅವರಿಗೆ ಕಣ್ಣು ಮಂಜು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಟ್ರಂಕು ಯಾರಿಗೂ ಬೇಕಿರಲಿಲ್ಲ. ಅದಕ್ಕೇ ಶಾಲೆಗೆ ಕೊಟ್ಟರು.

ಶಾಲೆಗೆ ಅದು ಬಂದದ್ದು ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನ ಹತ್ತಿರವಾಗಿದ್ದ ಹೊತ್ತಿನಲ್ಲಿ. ನಮ್ಮ ಊರಿನ ಗಣಿಯ ಖನಿಜಗಳು ಎಂದು ಮೇಜಿನ ಮೇಲೆ ಜೋಡಿಸಿದರೆ ಬಹುಮಾನ ಖಂಡಿತ ಎಂದು ಎಲ್ಲರಿಗೂ ಅನ್ನಿಸಿತು. ಜೋಡಿಸಲು ಹೆಸರು ಬೇಕು, ಹೆಸರು ಬರೆದಿದ್ದ ಚೀಟಿ ಇಲ್ಲ. ಒಂಬತ್ತನೆಯ ತರಗತಿಯ ಹುಡುಗರು ಕಲ್ಲುಗಳ ಫೋಟೊ ತೆಗೆದು ಮೊಬೈಲಿನಲ್ಲಿ ಹುಡುಕಿದರು. ಒಂದೇ ಕಲ್ಲಿಗೆ ಒಂದು ಕೋನದಿಂದ ಹೆಮಟೈಟ್, ಇನ್ನೊಂದು ಕೋನದಿಂದ ಉಲ್ಕೆ, ಮತ್ತೊಂದರಿಂದ ಕಲ್ಲಿದ್ದಲು ಎಂಬ ಉತ್ತರ ಬಂತು. ಕಪ್ಪಗೆ ಭಾರವಾಗಿರುವ ಕಲ್ಲುಗಳನ್ನು ಚಿತ್ರ ನೋಡಿ ಗುರುತಿಸಲು ಆಗುವುದಿಲ್ಲ, ಅನುಭವಿಗಳಿಗೂ ಆಗುವುದಿಲ್ಲ.

ಇಷ್ಟರಲ್ಲಿ ಎರಡನೆಯ ಸಮಸ್ಯೆ ತಲೆ ಎತ್ತಿತು. ಟ್ರಂಕಿನಲ್ಲಿ ರೇಷ್ಮೆಯ ಹೊಳಪಿನ ಎರಡು ನೀಲಿ ಕಲ್ಲುಗಳಿದ್ದವು. ಅವುಗಳ ಫೋಟೊಕ್ಕೆ ಮೊಬೈಲ್ ಕೊಟ್ಟ ಉತ್ತರಗಳಲ್ಲಿ ನೀಲಿ ಕಲ್ನಾರು (ಆಸ್ಬೆಸ್ಟಾಸ್) ಎಂಬುದೂ ಒಂದಾಗಿತ್ತು. ಆ ಚಿತ್ರ ಪೋಷಕರ ವಾಟ್ಸ್ಯಾಪ್ ಗುಂಪಿಗೆ ಹೋಯಿತು. ಮರುದಿನ ಕೆಲವು ತಾಯಂದಿರು ಶಾಲೆಯ ಬಾಗಿಲಿಗೆ ಬಂದರು. ಟ್ರಂಕನ್ನು ಹೊಳೆಗೆ ಹಾಕಿ ಎಂದು ಒಬ್ಬರು, ಮಕ್ಕಳಿಗೆಲ್ಲ ಎಕ್ಸ್‌ರೇ ತೆಗೆಸಿ ಎಂದು ಇನ್ನೊಬ್ಬರು. ಶಾಲಾಭಿವೃದ್ಧಿ ಸಮಿತಿಯ ಸಭೆ ಸೇರಿತು. ನಾನು ಹೋದದ್ದು ಆ ಸಭೆಗೆ.

ಆ ತಾಯಂದಿರ ಭಯ ಬುಡವಿಲ್ಲದ್ದೇನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ರೀಬೆಕೈಟ್ ಎಳೆ ಎಳೆಯಾಗಿ ಬೆಳೆದಾಗ ಅದಕ್ಕೆ ಕ್ರೊಸಿಡೊಲೈಟ್ ಎಂದು ಹೆಸರು, ಅದೇ ನೀಲಿ ಕಲ್ನಾರು. ಕಲ್ನಾರುಗಳಲ್ಲಿ ಅತಿ ಅಪಾಯಕಾರಿಯಾದವುಗಳ ಪೈಕಿ ಅದು ಮುಂಚೂಣಿಯಲ್ಲಿದೆ. ಅದು ಬೆಳೆಯುವುದು ಪಟ್ಟೆ ಕಬ್ಬಿಣಶಿಲೆಗಳಲ್ಲಿ. ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯದ ದೊಡ್ಡ ಕ್ರೊಸಿಡೊಲೈಟ್ ಗಣಿಗಳು ಇದ್ದದ್ದು ಅಂತಹ ಶಿಲೆಯಲ್ಲೇ. ಅದೇ ಖನಿಜ ದಪ್ಪ ಕಡ್ಡಿಯಾಗಿ ಬೆಳೆದರೆ ಅಷ್ಟು ಅಪಾಯ ಇಲ್ಲ. ಹೊರನೋಟಕ್ಕೆ ಎರಡರ ನಡುವಿನ ಗೆರೆ ಬಹಳ ತೆಳು. ಒಬ್ಬ ಭೂವಿಜ್ಞಾನಿ ಸಭೆಯಲ್ಲಿ ಎದ್ದು ನಿಂತು ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳುವುದು ಸುಲಭ. ಅಂತಹ ಸಮಾಧಾನ ಹೇಳುವ ಹಕ್ಕು ಪರೀಕ್ಷೆ ಮಾಡದವನಿಗೆ ಇಲ್ಲ.

ಮೊದಲ ತೀರ್ಮಾನ: ಪ್ರದರ್ಶನ ಬಿಡುವುದು

ಸಭೆಯಲ್ಲಿ ಮುಖ್ಯೋಪಾಧ್ಯಾಯರು ಹೆಚ್ಚು ಮಾತನಾಡಲಿಲ್ಲ. ಎಲ್ಲರದೂ ಮುಗಿದ ಮೇಲೆ, "ಈ ಸಲ ಪ್ರದರ್ಶನಕ್ಕೆ ಹೋಗುವುದು ಬೇಡ. ಗೊತ್ತಾಗುವ ತನಕ ನೀಲಿ ಕಲ್ಲುಗಳು ಬೀಗದೊಳಗೆ ಇರಲಿ. ಎಸೆಯುವುದೂ ಬೇಡ," ಎಂದರು. ಬಹುಮಾನದ ಆಸೆ ಇದ್ದ ಹುಡುಗರಿಗೆ ಬೇಸರವಾಯಿತು, ಎಸೆಯಬೇಕೆಂದಿದ್ದ ಪೋಷಕರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಮುಂದೆ ಆದ ಒಳ್ಳೆಯದೆಲ್ಲ ಈ ತೀರ್ಮಾನದ ಫಲ ಎಂದು ನಾನು ತಿಳಿದಿದ್ದೇನೆ. ಪ್ರದರ್ಶನದ ದಿನಾಂಕ ತಲೆಯ ಮೇಲೆ ಇದ್ದಿದ್ದರೆ ನಲವತ್ತು ಕಲ್ಲಿಗೆ ನಲವತ್ತು ಹೆಸರು ಹೇಗೋ ಅಂಟಿಸಿಬಿಡುತ್ತಿದ್ದರು. ಒಮ್ಮೆ ಅಂಟಿಸಿದ ಹೆಸರನ್ನು ಆಮೇಲೆ ಯಾರೂ ಪ್ರಶ್ನಿಸುವುದಿಲ್ಲ.

ನೀಲಿ ಕಲ್ಲುಗಳನ್ನು ನಾನೇ ತೇವ ಬಟ್ಟೆಯಲ್ಲಿ ಎತ್ತಿ, ಒಂದೊಂದನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿದು, ಗಾಜಿನ ಭರಣಿಯೊಳಗೆ ಇಟ್ಟು ಮುಚ್ಚಳಕ್ಕೆ ಮೇಣ ಹಾಕಿದೆ. ಅವುಗಳನ್ನು ಸುತ್ತಿದ್ದ ಹಾಳೆಯನ್ನೂ ಚೀಲಕ್ಕೇ ಸೇರಿಸಿದೆವು. ಟ್ರಂಕಿನ ಒಳಭಾಗವನ್ನು ಒಣ ಪೊರಕೆ ಮುಟ್ಟಿಸದೆ ಒದ್ದೆ ಬಟ್ಟೆಯಿಂದ ಒರೆಸಿದೆವು. ತಾಯಂದಿರಿಗೆ ನಾನು ಹೇಳಿದ್ದು ಇಷ್ಟೇ: ಅಪಾಯ ಇರುವುದು ಕಲ್ಲನ್ನು ನೋಡುವುದರಲ್ಲಿ ಅಲ್ಲ, ಅದರ ಪುಡಿ ಉಸಿರಿನೊಳಗೆ ಹೋಗುವುದರಲ್ಲಿ. ಅಂತಹ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳು ಹಿಡಿಯುತ್ತವೆ, ಹಾಗಾಗಿ ಇಂದಿನ ಎಕ್ಸ್‌ರೇಯಿಂದ ಏನೂ ತಿಳಿಯುವುದಿಲ್ಲ. ಈ ಕಲ್ಲನ್ನು ಇಲ್ಲಿ ಯಾರೂ ಒಡೆದಿಲ್ಲ, ಉಜ್ಜಿಲ್ಲ, ಇನ್ನು ಮುಂದೆ ಒಡೆಯುವುದೂ ಇಲ್ಲ. ಒಬ್ಬ ತಾಯಿ, "ಹಾಗಾದರೆ ಗಣಿಯಲ್ಲಿ ದುಡಿದವರ ಗತಿ ಏನು ಸಾರ್?" ಎಂದು ಕೇಳಿದರು. ಅಂದಿನ ಸಭೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಅದು. ಅದಕ್ಕೆ ಶಾಲೆಯ ಮೇಜಿನ ಮೇಲೆ ಉತ್ತರ ಇರಲಿಲ್ಲ. ಉಸಿರಾಟದ ತೊಂದರೆ ಇರುವ ಹಳೆಯ ಕಾರ್ಮಿಕರು ತಾವು ಎಲ್ಲಿ, ಯಾವ ಕೆಲಸ ಮಾಡಿದ್ದೆವು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು ಎಂದು ಮಾತ್ರ ತಿಳಿಸಿದೆ.

ಅಜ್ಜನ ವಿಂಗಡಣೆ

ಉಳಿದ ಕಲ್ಲುಗಳನ್ನು ಪರೀಕ್ಷಿಸಲು ನಾವು ಸಿದ್ಧರಾದೆವು. ಮೇಡಂ ಅವರ ಯೋಜನೆ ಪಠ್ಯಪುಸ್ತಕದಂತೆ ಅಚ್ಚುಕಟ್ಟಾಗಿತ್ತು: ಆಯಸ್ಕಾಂತ, ಒರೆಯ ಬಣ್ಣ (ಉಜ್ಜಿದಾಗ ಬೀಳುವ ಗೆರೆಯ ಬಣ್ಣ), ತೂಕ, ಆಮೇಲೆ ಹೆಸರು. ನಾನು ಒಂದು ಬದಲಾವಣೆ ಕೇಳಿದೆ. ಪರೀಕ್ಷೆಗೆ ಮೊದಲು ಅಜ್ಜನನ್ನು ಕರೆಸೋಣ, ನಾವು ಯಾವ ಕಲ್ಲಿನ ಹೆಸರನ್ನೂ ಬಾಯಿ ಬಿಟ್ಟು ಹೇಳದೆ ಅವರು ಹೇಳಿದ್ದನ್ನು ಮೊದಲು ಬರೆದುಕೊಳ್ಳೋಣ ಎಂದೆ. ಮೇಡಂ ಒಪ್ಪಿದರು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಅವರ ಹಿಂಜರಿಕೆಗೂ ಕಾರಣವಿತ್ತು. ಅಜ್ಜ ಓದಿದ್ದು ನಾಲ್ಕನೆಯ ತರಗತಿ, ಕಣ್ಣು ಬೇರೆ ಕಾಣುವುದಿಲ್ಲ.

ಶಾಲೆಯ ಜಗುಲಿಯಲ್ಲಿ ಚಾಪೆ ಹಾಸಿ ಕಲ್ಲುಗಳನ್ನು ಹರಡಿದೆವು. ಅಜ್ಜ ಗೋಡೆಗೆ ಒರಗಿ ಕೂತು ಒಂದು ಲೋಟ ನೀರು ತರಿಸಿಕೊಂಡರು. ಕುಡಿಯಲು ಎಂದುಕೊಂಡೆವು. ಅವರು ಬೆರಳನ್ನು ನೀರಿನಲ್ಲಿ ಅದ್ದಿ ಪ್ರತಿ ಕಲ್ಲಿನ ಮೇಲೂ ಒಂದು ಹನಿ ಬಿಡುತ್ತಾ ಹೋದರು. ಕೆಲವು ಕಲ್ಲುಗಳ ಮೇಲೆ ಹನಿ ಹಾಗೆಯೇ ಮಣಿಯಾಗಿ ನಿಂತಿತು. ಕೆಲವು ಅದನ್ನು ಕ್ಷಣದಲ್ಲಿ ಕುಡಿದುಬಿಟ್ಟವು. ಕುಡಿದವನ್ನು ಎಡಕ್ಕೆ, ಕುಡಿಯದವನ್ನು ಬಲಕ್ಕೆ ಸರಿಸಿದರು. ಆಮೇಲೆ ಬಲಗಡೆಯವನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ ಮತ್ತೆ ಎರಡು ಮಾಡಿದರು.

ಎಡಕ್ಕೆ ಹೋದವು ತೂತು ತೂತಾದ ಗೋಥೈಟ್ ಮತ್ತು ಜಂಬಿಟ್ಟಿಗೆಯ ತುಂಡುಗಳು. ಬಲಕ್ಕೆ ಹೋದವುಗಳಲ್ಲಿ ಭಾರದವು ಗಟ್ಟಿ ಹೆಮಟೈಟ್, ಹಗುರದವು ಬೆಣಚು ಹೆಚ್ಚಿರುವ ಪಟ್ಟೆ ಶಿಲೆ. ಮೂರೂ ಗುಂಪು ನಾವು ಆಮೇಲೆ ಮಾಡಿದ ಪರೀಕ್ಷೆಯೊಂದಿಗೆ ಬಹುಮಟ್ಟಿಗೆ ತಾಳೆಯಾದವು. ಅಜ್ಜನಿಗೆ ಈ ಖನಿಜಗಳ ಹೆಸರು ಮುಖ್ಯವಾಗಿರಲಿಲ್ಲ. ಕುಲುಮೆಗೆ ಯಾವುದು ಪಾಸಾಗುತ್ತದೆ, ಯಾವುದು ವಾಪಸ್ಸು ಬರುತ್ತದೆ, ಮಳೆಗಾಲದಲ್ಲಿ ಯಾವುದು ತೊಟ್ಟಿಲಿಗೆ ಕೆಸರಾಗಿ ಅಂಟುತ್ತದೆ ಎಂಬುದು ಅವರ ಲೆಕ್ಕ. ಹೆಮಟೈಟ್ ರಾಶಿಯೊಳಗೇ ಅವರು ಮತ್ತೆ ಮೂರು ಪಾಲು ಮಾಡಿದರು. ನಮಗೆ ಮೂರೂ ಒಂದೇ ಆಗಿ ಕಂಡವು. ಒರೆಯ ಬಣ್ಣ ಒಂದೇ, ತೂಕವೂ ಹೆಚ್ಚು ಕಡಿಮೆ ಒಂದೇ.

"ಇದು ಮೇಲಿನ ಬೆಂಚಿನದು. ಇದು ಕೆಳಗಿನ ಬೆಂಚಿನದು. ಇದು ನೀರು ಬರುತ್ತಿದ್ದ ಮೂಲೆಯದು," ಎಂದರು ಅಜ್ಜ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಅಗೆದ ಗಣಿಯಲ್ಲಿ ಒಂದೊಂದು ಮೆಟ್ಟಿಲಿಗೂ ಬೆಂಚು ಎನ್ನುತ್ತಾರೆ.

ಪ್ರಕರಣದ ದೊಡ್ಡ ತಿರುವು ಇದು. ಖನಿಜದ ಹೆಸರನ್ನು ನಾಳೆಯಾದರೂ ನಾಡಿದ್ದಾದರೂ ಯಾವ ಪ್ರಯೋಗಾಲಯವಾದರೂ ಹೇಳುತ್ತದೆ. ಆ ಕಲ್ಲು ಯಾವ ಬೆಂಚಿನಿಂದ ಬಂತು, ಅಲ್ಲಿ ನೀರು ಒಸರುತ್ತಿತ್ತೇ, ಅದರ ಪಕ್ಕದಲ್ಲಿ ಏನಿತ್ತು ಎಂಬುದನ್ನು ಹೇಳಬಲ್ಲವರು ಅಜ್ಜನೊಬ್ಬರೇ. ಗಣಿಯ ಇತಿಹಾಸ ಇರುವುದು ಆ ಮಾಹಿತಿಯಲ್ಲಿ. ಮೇಡಂ ತಮ್ಮ ಮೊಬೈಲಿನಲ್ಲಿ ಧ್ವನಿಮುದ್ರಣ ಶುರುಮಾಡಿದರು. ಅಂದಿನಿಂದ ಅವರು ಈ ಕೆಲಸದಲ್ಲಿ ನನಗಿಂತ ಮುಂದೆ ನಡೆದರು.

ಎರಡು ಪರೀಕ್ಷೆಗೂ ಉತ್ತರ ಕೊಟ್ಟ ಕಲ್ಲು

ಮಕ್ಕಳು ಪರೀಕ್ಷೆಗೆ ಬಳಸಿದ್ದೆಲ್ಲ ಊರಿನಲ್ಲೇ ಸಿಕ್ಕ ಸಾಮಾನು: ಹಾಳಾದ ರೇಡಿಯೋ ಸ್ಪೀಕರಿನ ಆಯಸ್ಕಾಂತ, ಬಿಳಿ ಟೈಲ್ಸಿನ ಒರಟು ಹಿಂಬದಿ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಬಕೆಟ್ಟು, ಹೊಲಿಗೆಯ ದಾರ. ಟೈಲ್ಸಿನ ಹಿಂಬದಿಗೆ ಉಜ್ಜಿದರೆ ಹೆಮಟೈಟ್ ಕೆಂಪು ಗೆರೆ ಬಿಡುತ್ತದೆ, ಮ್ಯಾಗ್ನಟೈಟ್ ಕಪ್ಪು ಗೆರೆ, ಗೋಥೈಟ್ ಹಳದಿ ಮಿಶ್ರಿತ ಕಂದು ಗೆರೆ. ಆಯಸ್ಕಾಂತಕ್ಕೆ ಬಲವಾಗಿ ಅಂಟುವುದು ಮ್ಯಾಗ್ನಟೈಟ್ ಮಾತ್ರ. ಪುಸ್ತಕದಲ್ಲಿ ಇಷ್ಟೇ ಇದೆ.

ಒಂದು ಕಲ್ಲು ಈ ಲೆಕ್ಕಕ್ಕೆ ಸಿಗಲಿಲ್ಲ. ಗೆರೆ ಅಚ್ಚ ಕೆಂಪು, ಆಯಸ್ಕಾಂತವೂ ಸೆಳೆಯಿತು. ಒಂದು ಗುಂಪು ಹೆಮಟೈಟ್ ಎಂದು ಹಟ ಹಿಡಿಯಿತು, ಇನ್ನೊಂದು ಗುಂಪು ಮ್ಯಾಗ್ನಟೈಟ್ ಎಂದಿತು. ಒಬ್ಬ ಹುಡುಗಿ ಆಯಸ್ಕಾಂತವನ್ನು ಕಲ್ಲಿನ ಮೇಲೆ ಮೆಲ್ಲಗೆ ಸರಿಸುತ್ತಾ ಹೋಗಿ, "ಸಾರ್, ಇಲ್ಲಿ ಎಳೆಯುತ್ತದೆ, ಇಲ್ಲಿ ಎಳೆಯುವುದಿಲ್ಲ," ಎಂದು ತೋರಿಸಿದಳು. ಅವಳು ಹೇಳಿದ್ದೇ ಉತ್ತರ. ಮೊದಲು ಮ್ಯಾಗ್ನಟೈಟ್ ಆಗಿದ್ದದ್ದು ಗಾಳಿ ಮತ್ತು ನೀರಿನ ಸಂಪರ್ಕದಲ್ಲಿ ಹೆಮಟೈಟ್ ಆಗುತ್ತಾ ಹೋಗಿದೆ, ಹರಳಿನ ಹೊರ ಆಕಾರ ಹಳೆಯದೇ, ಒಳಗೆ ಅಲ್ಲಲ್ಲಿ ಹಳೆಯ ಮ್ಯಾಗ್ನಟೈಟ್ ಉಳಿದಿದೆ. ಹೀಗೆ ಬದಲಾದ ಹೆಮಟೈಟಿಗೆ ಮಾರ್ಟೈಟ್ ಎನ್ನುತ್ತಾರೆ. ಪಟ್ಟೆ ಶಿಲೆ ಅದಿರಾಗಿ ಬದಲಾಗುವ ಹಾದಿಯ ನಡುವಿನ ಒಂದು ಹೆಜ್ಜೆ ಅವಳ ಕೈಯಲ್ಲಿತ್ತು. ಅಜ್ಜ ಅದನ್ನು ಕೆಳಗಿನ ಬೆಂಚಿನ ಪಾಲಿಗೆ ಹಾಕಿದ್ದರು. ಮಳೆನೀರು ಮೇಲಿನಿಂದ ಇಳಿದು ಅದಿರನ್ನು ಹದಗೊಳಿಸಿದ ಗುಡ್ಡದಲ್ಲಿ, ಆ ಬದಲಾವಣೆ ಪೂರ್ತಿಯಾಗದೆ ಉಳಿಯುವುದು ಕೆಳಗೇ. ಅಜ್ಜನ ಬೆಂಚು ಮತ್ತು ನಮ್ಮ ಆಯಸ್ಕಾಂತ ಒಂದಕ್ಕೊಂದು ಸಾಕ್ಷಿ ನುಡಿದವು.

ನಮ್ಮ ಗುಡ್ಡದ್ದಲ್ಲದ ಕಲ್ಲು

ಅಜ್ಜ ಒಂದು ಕಪ್ಪು ಕಲ್ಲನ್ನು ಯಾವ ರಾಶಿಗೂ ಸೇರಿಸದೆ ದೂರ ಇಟ್ಟಿದ್ದರು. "ಇದು ನಮ್ಮ ಗುಡ್ಡದ್ದಲ್ಲ," ಎಂದಿದ್ದರು. ಎಲ್ಲಿಯದು ಎಂದು ನೆನಪಿಗೆ ಬರಲಿಲ್ಲ. ಅದರ ಒಂದು ಮೂಲೆಯಲ್ಲಿ ಮಾಸಲು ಹಸಿರು ಕಲ್ಲು ಅಂಟಿಕೊಂಡಿತ್ತು.

ಆಯಸ್ಕಾಂತ ಅದನ್ನು ಸೆಳೆಯಲಿಲ್ಲ. ಟೈಲ್ಸಿನ ಮೇಲೆ ಗೆರೆ ಕಂದು. ಗಾಳಿಯಲ್ಲಿ ತೂಕ 640 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 488 ಗ್ರಾಂ. ವ್ಯತ್ಯಾಸ 152, ಅದು ಕಲ್ಲಿನ ಗಾತ್ರದಷ್ಟೇ ನೀರಿನ ತೂಕ. 640ನ್ನು 152ರಿಂದ ಭಾಗಿಸಿದರೆ 4.2, ಅಂದರೆ ಅದೇ ಗಾತ್ರದ ನೀರಿಗಿಂತ 4.2 ಪಟ್ಟು ಭಾರ. ಶುದ್ಧ ಹೆಮಟೈಟ್ ಮತ್ತು ಮ್ಯಾಗ್ನಟೈಟ್ ಐದಕ್ಕಿಂತ ಮೇಲಿರುತ್ತವೆ, ಬೆಣಚು 2.65. ಸರ್ಪೆಂಟೀನ್ ಎಂಬ ಹಸಿರು ಖನಿಜ ಅಂಟಿದ ಕ್ರೋಮೈಟಿಗೆ, ಅಂದರೆ ಕ್ರೋಮಿಯಂ ಲೋಹದ ಅದಿರಿಗೆ, ಈ ಸಂಖ್ಯೆ ಚೆನ್ನಾಗಿ ಹೊಂದುತ್ತದೆ. ಅಂತಹ ಕ್ರೋಮೈಟ್ ಕೆಮ್ಮಣ್ಣುಗುಂಡಿಯ ಅದಿರಿನ ಸರಕಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಬೈರಾಪುರದ ಗಣಿಯಲ್ಲಿ ಸಿಗುವುದು ಅದೇ ಜೋಡಿ, ಕಪ್ಪು ಕ್ರೋಮೈಟ್ ಮತ್ತು ಹಸಿರು ಸರ್ಪೆಂಟೀನ್. ಬಾಬಾಬುಡನ್ ಶಿಲೆಗಳಿಗಿಂತಲೂ ಹಳೆಯದಾದ, ಸುಮಾರು 310 ಕೋಟಿ ವರ್ಷದ ಪಟ್ಟಿ ಅದು. 1246ರ ಲಕ್ಷ್ಮೀನರಸಿಂಹ ದೇವಾಲಯ ನೋಡಲು ನುಗ್ಗೇಹಳ್ಳಿಗೆ ಹೋಗುವವರು ಅದರ ಸುತ್ತಿನ ನೆಲದಲ್ಲಿ ಏನಿದೆ ಎಂದು ಒಮ್ಮೆ ಕೇಳಿ ತಿಳಿಯಬೇಕು ಎಂಬುದು ನನ್ನ ಬಹುದಿನದ ಆಸೆ.

ಹೀಗಿದ್ದರೂ ಬೈರಾಪುರ ಎಂದು ಬರೆಯಲು ನಾನು ಒಪ್ಪಲಿಲ್ಲ. ಖನಿಜ ಹೊಂದುತ್ತದೆ ಎಂದ ಮಾತ್ರಕ್ಕೆ ಊರು ಖಚಿತವಾಗುವುದಿಲ್ಲ. ಮೇಡಂ ಅಜ್ಜನ ಮನೆಗೆ ಹೋಗಿ ಬೈರಾಪುರದ ಹೆಸರೆತ್ತದೆ, ಹಾಸನ ಕಡೆ ನೆಂಟರಿದ್ದಾರೆಯೇ ಎಂದು ಮಾತ್ರ ವಿಚಾರಿಸಿದರು. ಅಜ್ಜ ತಲೆ ಕೆರೆದುಕೊಂಡರು. ಒಳಗಿನಿಂದ ಅಜ್ಜಿಯ ಉತ್ತರ ಬಂತು: "ನಮ್ಮ ಅಣ್ಣ ಇದ್ದನಲ್ಲ, ಬೈರಾಪುರದ ಗಣಿಯಲ್ಲಿ. ಅವನು ಹಬ್ಬಕ್ಕೆ ಬಂದಾಗ ತಂದುಕೊಟ್ಟದ್ದಲ್ಲವೇ ಅದು? ನಿಮ್ಮ ಕಲ್ಲಿಗಿಂತ ನನ್ನ ಕಲ್ಲು ದುಬಾರಿ ಎಂದು ನಿಮ್ಮ ಹತ್ತಿರ ಜಗಳ ಆಡಿದ್ದ."

ಆ ಹೊತ್ತಿನ ತನಕ ನಾವು ಯಾರೂ ಅಜ್ಜಿಯನ್ನು ಏನನ್ನೂ ಕೇಳಿರಲಿಲ್ಲ. ಗಣಿಯ ನೆನಪು ಗಣಿಗೆ ಹೋದವರದ್ದು ಮಾತ್ರ ಎಂದು ಎಲ್ಲರೂ ಭಾವಿಸಿರುತ್ತಾರೆ. ಸಂಬಳದ ದಿನ, ಪಾಳಿಯ ಹೊತ್ತು, ಬಟ್ಟೆಯ ಕೆಂಪು ಹೋಗಿಸಲು ಪಟ್ಟ ಪಾಡು, ರೋಪ್‌ವೇ ನಿಂತ ದಿನಗಳ ನಿಶ್ಶಬ್ದ, ಇದೆಲ್ಲ ಅಜ್ಜಿಯ ಬಳಿ ಇತ್ತು. ಮೇಡಂ ಅಂದೇ ಎರಡನೆಯ ಧ್ವನಿಮುದ್ರಣ ಮಾಡಿಕೊಂಡರು.

ನೀಲಿ ಕಲ್ಲಿನ ಫಲಿತಾಂಶ

ಮೇಣ ಹಾಕಿದ ಭರಣಿಯನ್ನು ಸೂಕ್ತ ಸೌಕರ್ಯ ಇರುವ ಒಂದು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಒಯ್ದೆ. ಗಾಳಿ ಹೀರುವ ಕಪಾಟಿನೊಳಗೆ ತೆರೆದು ತೆಳು ಸೀಳು ಮಾಡಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಮೊದಲ ಕಲ್ಲಿನಲ್ಲಿ ನೀಲಿ ಆಂಫಿಬೋಲ್ ಗಿಡ್ಡ ದಪ್ಪ ಕಡ್ಡಿಗಳಾಗಿ ಮ್ಯಾಗ್ನಟೈಟ್ ಮತ್ತು ಬೆಣಚಿನ ನಡುವೆ ಕೂತಿತ್ತು. ವೇದಿಕೆ ತಿರುಗಿಸಿದಂತೆ ನೀಲಿ ಗಾಢವಾಗಿ ಮತ್ತೆ ತಿಳಿಯಾಗುತ್ತಿತ್ತು. ಬಾಬಾಬುಡನೈಟ್, ಎಳೆಯ ರೂಪದ್ದಲ್ಲ. ಎರಡನೆಯದರಲ್ಲೂ ಖನಿಜ ಅದೇ ಜಾತಿಯದು, ಆದರೆ ಒಂದು ಬಿರುಕಿನ ಉದ್ದಕ್ಕೂ ಅದು ಸಣ್ಣ ಸಣ್ಣ ಎಳೆಗಳಾಗಿ ಸೀಳಿಕೊಂಡಿತ್ತು.

ಇಲ್ಲಿ ಎರಡು ಅಭಿಪ್ರಾಯ ಬಂತು. ಮೊದಲ ಕಲ್ಲಿನಲ್ಲಿ ತೊಂದರೆ ಇಲ್ಲ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿ ಶಾಲೆಯಲ್ಲಿ ಇಡಬಹುದು ಎಂದು ನಾನೂ ವಿಭಾಗದವರೂ ಹೇಳಿದೆವು. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಗಾಜು ಒಡೆಯುವುದು ಶಾಲೆಯಲ್ಲಿ ಅಪರೂಪವಲ್ಲ, ತಾನು ವರ್ಗವಾದ ಮೇಲೆ ಬರುವವರಿಗೆ ಈ ಕಥೆ ಗೊತ್ತಿರುವುದಿಲ್ಲ, ಒಂದು ಕಲ್ಲು ಒಳ್ಳೆಯದು ಇನ್ನೊಂದು ಕೆಟ್ಟದ್ದು ಎಂಬ ವಿವರ ಹತ್ತು ವರ್ಷ ಉಳಿಯುವುದಿಲ್ಲ ಎಂದರು. ಅವರ ವಾದವೇ ಸರಿ ಎಂದು ನನಗೂ ಅನ್ನಿಸಿತು. ಎರಡೂ ಕಲ್ಲುಗಳು ವಿಭಾಗದ ಸಂಗ್ರಹಕ್ಕೆ ಹೋದವು, ಅಜ್ಜನ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ. ಶಾಲೆಯ ಕಪಾಟಿನಲ್ಲಿ ಅವುಗಳ ಜಾಗದಲ್ಲಿ ದೊಡ್ಡ ಫೋಟೊ ಇದೆ, ಪಕ್ಕದಲ್ಲಿ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ಇದೆ, ಕಲ್ಲು ಏಕೆ ಇಲ್ಲಿಲ್ಲ ಎಂಬ ಕಾರಣವನ್ನೂ ಕೆಳಗೆ ಬರೆದಿದ್ದಾರೆ. ಪೋಷಕರ ಸಭೆಯಲ್ಲಿ ಇದನ್ನೆಲ್ಲ ತೋರಿಸಿದ ಮೇಲೆ ಟ್ರಂಕು ಎಸೆಯುವ ಮಾತು ಮತ್ತೆ ಬರಲಿಲ್ಲ.

ಖಾಲಿ ಬಿಟ್ಟ ಜಾಗ

ದಾಖಲೆ ಪುಸ್ತಕದಲ್ಲಿ ಪ್ರತಿ ಕಲ್ಲಿಗೂ ಒಂದು ಪುಟ. ಅಜ್ಜ ಹೇಳಿದ್ದು ಒಂದು ಕಡೆ, ಪರೀಕ್ಷೆ ಹೇಳಿದ್ದು ಇನ್ನೊಂದು ಕಡೆ. ಎರಡನ್ನೂ ಬೆರೆಸಿ ಒಂದೇ ವಾಕ್ಯ ಮಾಡಬಾರದು ಎಂದು ಪಟ್ಟು ಹಿಡಿದವನು ನಾನು. ಮುಂದೆ ಯಾರಾದರೂ ಮರುಪರೀಕ್ಷೆ ಮಾಡಿದರೆ ಪರೀಕ್ಷೆಯ ಭಾಗ ಬದಲಾಗಬಹುದು, ಅಜ್ಜನ ಮಾತನ್ನು ಅವರ ನಂತರ ಯಾರೂ ತಿದ್ದಲಾರರು.

ಏಳು ಕಲ್ಲುಗಳಿಗೆ ಹೆಸರು ಸಿಗಲಿಲ್ಲ. ಅಜ್ಜನಿಗೂ ನೆನಪಿಲ್ಲ, ಬಕೆಟ್ಟು ಮತ್ತು ತಕ್ಕಡಿಯ ಪರೀಕ್ಷೆ ಅವುಗಳಿಗೆ ಸಾಲದು. ತಪಾಸಣೆಗೆ ಬರುವವರು ಖಾಲಿ ಚೀಟಿ ನೋಡಿದರೆ ಕೆಲಸ ಅರ್ಧವಾಗಿದೆ ಎನ್ನುತ್ತಾರೆ, ಬಹುಶಃ ಎಂದು ಸೇರಿಸಿ ಏನಾದರೂ ಬರೆಯೋಣ ಎಂದು ಮೇಡಂ ಕೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಚೀಟಿಯನ್ನು ನಕಲು ಮಾಡುವವರು ಮೊದಲು ಕೈಬಿಡುವುದು ಬಹುಶಃ ಎಂಬುದನ್ನೇ. ಕೊನೆಗೆ ಮಕ್ಕಳೇ ದಾರಿ ಹುಡುಕಿದರು. ಆ ಏಳು ಕಲ್ಲುಗಳಿಗೂ ಪೂರ್ತಿ ಚೀಟಿ ಬರೆದರು: ತೂಕ, ಗೆರೆಯ ಬಣ್ಣ, ಆಯಸ್ಕಾಂತಕ್ಕೆ ಅಂಟಿತೇ ಇಲ್ಲವೇ, ಹೆಸರಿನ ಮುಂದೆ ಗುರುತಿಸಿಲ್ಲ ಎಂಬ ಒಂದು ಪದ. ತಪಾಸಣೆಗೆ ಬಂದ ಅಧಿಕಾರಿ ಹೆಚ್ಚು ಹೊತ್ತು ನಿಂತು ಓದಿದ್ದು ಆ ಏಳು ಚೀಟಿಗಳನ್ನು ಎಂದು ಮೇಡಂ ಆಮೇಲೆ ಹೇಳಿದರು.

ಇನ್ನೊಂದು ಒತ್ತಡವೂ ಇತ್ತು. ಕೆಲವು ಹುಡುಗರು ಗಣಿಗೆ ಹೋಗಿ ಹೊಸ ಕಲ್ಲು ತರೋಣ ಎಂದರು. ಕೆಮ್ಮಣ್ಣುಗುಂಡಿಯ ಸುತ್ತ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಮತ್ತು ಮೀಸಲು ಅರಣ್ಯ ಇದೆ, ಅಲ್ಲಿಂದ ಅನುಮತಿ ಇಲ್ಲದೆ ಕಲ್ಲನ್ನು ಎತ್ತಿ ತರುವಂತಿಲ್ಲ. ಹಳೆಯ ಗಣಿಯ ಅಂಚುಗಳು ಮಳೆಯ ನಂತರ ಕುಸಿಯುತ್ತವೆ. ಹಾಗಾಗಿ ಸಾರ್ವಜನಿಕ ರಸ್ತೆಯಿಂದ ಕಾಣುವ ಪದರಗಳ ಚಿತ್ರ ಬಿಡಿಸುವುದಕ್ಕೆ ಮಾತ್ರ ಮಕ್ಕಳನ್ನು ಒಮ್ಮೆ ಕರೆದೊಯ್ದರು. ಅಜ್ಜ ಹೇಳಿದ ಬೆಂಚುಗಳನ್ನು ಆ ಚಿತ್ರದ ಮೇಲೆ ಗುರುತು ಮಾಡಿದ್ದಾರೆ.

ಈಗಿನ ಸ್ಥಿತಿ

ಕಪಾಟು ಶಾಲೆಯ ಗ್ರಂಥಾಲಯದ ಕೋಣೆಯಲ್ಲಿದೆ, ಸೋರದ ಗೋಡೆಯ ಪಕ್ಕದಲ್ಲಿ. ಕ್ರೋಮೈಟ್ ಕಲ್ಲನ್ನು ಬೇರೆ ಹಲಗೆಯ ಮೇಲೆ ಇಟ್ಟು, ಬೈರಾಪುರದಿಂದ ತಂದವರು ಅಜ್ಜಿಯ ಅಣ್ಣ, ಹೇಳಿದವರು ಅಜ್ಜಿ ಎಂದು ಬರೆದಿದ್ದಾರೆ. ಚೀಟಿಗಳೆಲ್ಲ ಪೆನ್ಸಿಲಿನಲ್ಲಿವೆ, ಜೊತೆಗೆ ಪ್ರತಿ ಕಲ್ಲಿನ ಮೇಲೂ ಬಣ್ಣದಲ್ಲಿ ಸಂಖ್ಯೆ ಇದೆ. ಚೀಟಿ ಮತ್ತೆ ಹಾಳಾದರೂ ಸಂಖ್ಯೆ ನೋಡಿ ಪುಸ್ತಕದ ಪುಟ ಹುಡುಕಬಹುದು. ಪುಸ್ತಕದ ಒಂದು ಪ್ರತಿ ಮತ್ತು ಎರಡೂ ಧ್ವನಿಮುದ್ರಣಗಳು ಅಜ್ಜನ ಮಕ್ಕಳ ಬಳಿಯೂ ಇವೆ. ಟ್ರಂಕು ಬೇಡವೆಂದಿದ್ದ ಮಗ ಧ್ವನಿಮುದ್ರಣ ಕೇಳಿದ ಮೇಲೆ, ಇನ್ನಷ್ಟು ವಿವರ ಕೇಳಿ ಬರೆದುಕೊಳ್ಳಿ ಎಂದು ಮೇಡಂ ಅವರಿಗೆ ಫೋನ್ ಮಾಡಿದರಂತೆ.

ಪಕ್ಕದ ಊರಿನ ಇನ್ನೊಂದು ಮನೆಯಿಂದ ಈಗ ಸುದ್ದಿ ಬಂದಿದೆ. ರೋಪ್‌ವೇಯಲ್ಲಿ ಕೆಲಸ ಮಾಡಿದವರ ಮನೆ ಅದು. ಅವರ ಹೆಂಡತಿ ಇದ್ದಾರೆ, ಒಂದು ಗೋಣಿಚೀಲದ ತುಂಬ ಕಾಗದ ಮತ್ತು ಕಲ್ಲು ಇದೆಯಂತೆ. ಮೇಡಂ ಚೀಲ ಬಿಚ್ಚಬೇಡಿ, ಝಾಡಿಸಬೇಡಿ ಎಂದು ಹೇಳಿಕಳುಹಿಸಿದ್ದಾರೆ. ಬರುವ ಭಾನುವಾರ ಮೊದಲು ಆ ತಾಯಿಯ ಮಾತನ್ನು ಮುದ್ರಿಸಿಕೊಂಡು, ಆಮೇಲೆ ಅಂಗಳದಲ್ಲಿ ಒದ್ದೆ ಬಟ್ಟೆ ಹಾಸಿ ಚೀಲ ತೆರೆಯುವುದೆಂದು ನಿಶ್ಚಯವಾಗಿದೆ.